ಈ ವಾರ ಯಾವ ಪಿಚ್ಚರ್ ನೋಡೋಣ? ಯಾರ ಜೊತೆ ಅನ್ನೋದನ್ನ ಮೊದಲು ಹೇಳಿ

ಒಂದೇ ಸಿನಿಮಾ ನೋಡಿ ಬಂದ ಇಬ್ಬರು ದೋಸ್ತರು ಚಹಾದಂಗಡಿಯಲ್ಲಿ ಕೂತು ವಾದ ಮಾಡುವುದು ಹುಬ್ಬಳ್ಳಿಯಲ್ಲಿ ಹೊಸದೇನಲ್ಲ. 'ಸು ಫ್ರಮ್ ಸೋ' ಬಂದಾಗ ನಮ್ಮ ಬಳಗದಲ್ಲೂ ಹಾಗೇ ಆಯಿತು. "ನಕ್ಕು ನಕ್ಕು ಹೊಟ್ಟಿ ನೋವಾತಲೇ" ಅಂದ ಒಬ್ಬ. "ಏನೋಪಾ, ನನಗೇನ ಅಷ್ಟ ಅನಸ್ಲಿಲ್ಲ" ಅಂದ ಇನ್ನೊಬ್ಬ. ಕೆದಕಿ ಕೇಳಿದಾಗ ಗೊತ್ತಾಯಿತು, ಮೊದಲನೆಯವನು ರವಿವಾರ ಸಂಜೆ ತುಂಬಿದ ಟಾಕೀಸಿನಲ್ಲಿ ನೋಡಿದ್ದ. ಎರಡನೆಯವನು ರಾತ್ರಿ ಹಾಸಿಗೆಯಲ್ಲಿ ಮಲಗಿ, ಮೊಬೈಲಿನಲ್ಲಿ, ನಡುನಡುವೆ ನಿಲ್ಲಿಸಿ ನಿಲ್ಲಿಸಿ ನೋಡಿದ್ದ. ಇಬ್ಬರ ಮಾತೂ ಖರೇನೇ.

ಅದಕ್ಕೇ ಯಾರಾದರೂ "ಯಾವ ಪಿಚ್ಚರ್ ನೋಡ್ಲಿ?" ಅಂತ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಯಾರ ಜೊತೆ? ಎಲ್ಲಿ? ಅಪ್ಪ-ಅವ್ವನ ಜೊತೆಯೋ, ರೂಮಿನ ಗೆಳೆಯರ ಜೊತೆಯೋ, ಸಣ್ಣ ಮಕ್ಕಳನ್ನು ಕರೆದುಕೊಂಡೋ, ಒಬ್ಬರೇನಾ? ಟಾಕೀಸೋ, ಮನೆಯ ಟಿವಿಯೋ? ಇಷ್ಟು ಗೊತ್ತಾದರೆ ಸಿನಿಮಾ ಆರಿಸುವುದು ಸಲೀಸು. ಮೊದಲು ಸಿನಿಮಾ ಆರಿಸಿ ಆಮೇಲೆ ಜೊತೆಗಾರರನ್ನು ಎಳೆದುಕೊಂಡು ಹೋದರೆ, ಇಂಟರ್ವಲ್ ಹೊತ್ತಿಗೆ ಯಾರಾದರೊಬ್ಬರು ಮುಖ ಗಂಟು ಹಾಕಿಕೊಂಡಿರುತ್ತಾರೆ.

ಹೋದ ಮೂರ್ನಾಲ್ಕು ವರ್ಷಗಳಲ್ಲಿ ನಮ್ಮ ಕಡೆ ಮಂದಿ ಜಾಸ್ತಿ ಮಾತಾಡಿದ, ನನ್ನ ಮನಸ್ಸಿಗೂ ಹತ್ತಿದ ಕೆಲವು ಕನ್ನಡ ಸಿನಿಮಾಗಳನ್ನು ಇಲ್ಲಿ ಪಕ್ಕ ಪಕ್ಕ ಇಟ್ಟು ನೋಡಿದ್ದೇನೆ. ಕಥೆಯ ಗುಟ್ಟು ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ಇಡೀ ಮನೆ ಹೊರಟಿದ್ದರೆ

2025ರಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಎರಡು ಸಿನಿಮಾ. ಜುಲೈ 25ಕ್ಕೆ ಬಂದ 'ಸು ಫ್ರಮ್ ಸೋ', ಅಕ್ಟೋಬರ್ 2ಕ್ಕೆ ಬಂದ 'ಕಾಂತಾರ: ಅಧ್ಯಾಯ 1'. ಎರಡೂ ಕರಾವಳಿಯವು. ಎರಡರಲ್ಲೂ ಊರಿನ ನಂಬಿಕೆಯೇ ಕಥೆಯ ಬೆನ್ನೆಲುಬು. ಆದರೆ ನೋಡುವ ಅನುಭವ ಮಾತ್ರ ಪೂರ್ತಿ ಬೇರೆ ಬೇರೆ.

'ಸು ಫ್ರಮ್ ಸೋ' ಬರೆದು ನಿರ್ದೇಶಿಸಿದವರು ಜೆ.ಪಿ. ತೂಮಿನಾಡು. ಮುಖ್ಯ ಪಾತ್ರವೂ ಅವರದೇ. ನಿರ್ಮಾಪಕರ ಸಾಲಿನಲ್ಲಿ ರಾಜ್ ಬಿ. ಶೆಟ್ಟಿ ಇದ್ದಾರೆ, ಸ್ವಾಮೀಜಿಯಾಗಿ ಪರದೆಯ ಮೇಲೂ ಬಂದು ನಗಿಸುತ್ತಾರೆ. ಅಶೋಕ ಅನ್ನೋ ಹುಡುಗ ಒಂದು ಪೇಚಿಗೆ ಸಿಕ್ಕಿಬೀಳುತ್ತಾನೆ. ಅವನ ಮೈಮೇಲೆ ಸೋಮೇಶ್ವರದ ಸುಲೋಚನಾಳ ದೆವ್ವ ಬಂದಿದೆ ಅಂತ ಊರು ನಂಬಿಬಿಡುತ್ತದೆ. ಅಷ್ಟೇ ಎಳೆ. ದೊಡ್ಡ ಸ್ಟಾರ್ ಇಲ್ಲ, ದುಬಾರಿ ಸೆಟ್ ಇಲ್ಲ, ವಿದೇಶದ ಹಾಡಿಲ್ಲ. ಆದರೂ ಬಾಯಿಂದ ಬಾಯಿಗೆ ಮಾತು ಹರಡಿಯೇ ಟಾಕೀಸು ತುಂಬಿತು.

ಇದನ್ನು ಮಂದಿ ನಡುವೆ ಕೂತು ಯಾಕೆ ನೋಡಬೇಕು ಅಂದರೆ, ಇದರ ನಗು ಒಬ್ಬ ಹೀರೋನ ಡೈಲಾಗಿನಿಂದ ಹುಟ್ಟುವುದಿಲ್ಲ. ಒಂದೇ ಅಂಗಳದಲ್ಲಿ ಹತ್ತು ಜನ ನಿಂತಿರುತ್ತಾರೆ. ಒಬ್ಬ ಹೆದರಿರುತ್ತಾನೆ, ಒಬ್ಬ ಹೆದರಿಲ್ಲ ಅಂತ ತೋರಿಸಿಕೊಳ್ಳುತ್ತಾನೆ, ಊರಿನ ಹಿರಿಯ ರವಿಯಣ್ಣನಿಗೆ ತನ್ನ ಮರ್ಯಾದೆ ಉಳಿಸಿಕೊಳ್ಳಬೇಕು, ಹಿಂದೆ ನಿಂತವನಿಗೆ ಊಟದ್ದೇ ಚಿಂತೆ. ಎಲ್ಲರ ಮುಖದ ಮೇಲೂ ಒಂದೊಂದು ನಡೆಯುತ್ತಿರುತ್ತದೆ. ಟಾಕೀಸಿನಲ್ಲಿ ನಿಮ್ಮ ಎಡಕ್ಕೆ ಕೂತವರು ಒಬ್ಬನನ್ನು ನೋಡಿ ನಗುತ್ತಾರೆ, ಬಲಕ್ಕೆ ಕೂತವರು ಇನ್ನೊಬ್ಬನನ್ನು ನೋಡಿ ನಗುತ್ತಾರೆ, ನೀವು ಇಬ್ಬರ ನಗುವಿಗೂ ನಗುತ್ತೀರಿ. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಆ ಹತ್ತು ಮುಖ ಎಲ್ಲಿ ಕಾಣಬೇಕು?

ಮಂಗಳೂರು ಕನ್ನಡ ನಮ್ಮವರಿಗೆ ತಿಳಿಯುತ್ತದಾ ಅನ್ನೋ ಅನುಮಾನ ಹಲವರಿಗೆ ಇತ್ತು. ಮೊದಲ ಹತ್ತು ನಿಮಿಷ ಕಿವಿ ಸ್ವಲ್ಪ ಚುರುಕು ಮಾಡಿಕೊಳ್ಳಬೇಕು, ಆಮೇಲೆ ತಾನೇ ಹೊಂದಿಕೊಳ್ಳುತ್ತದೆ. ಧಾರವಾಡದ ಹಿರಿಯರು ಇದನ್ನು ಖುಷಿಯಿಂದ ನೋಡಿದ್ದು ನನಗೆ ಗೊತ್ತು. ಊರ ಪಂಚಾಯ್ತಿ, ಊರ ಗುಸುಗುಸು ಎಲ್ಲ ಕಡೆ ಒಂದೇ ಅಲ್ವಾ! ಎರಡನೆಯ ಭಾಗದಲ್ಲಿ ಕಥೆ ಒಬ್ಬ ಹೆಣ್ಣುಮಗಳ ಕಷ್ಟದ ಕಡೆ ತಿರುಗುತ್ತದೆ. ಅಲ್ಲಿ ನಗು ಸ್ವಲ್ಪ ಕಡಿಮೆ ಆಗುತ್ತದೆ. ಕೆಲವರು ಅದನ್ನೇ ದೂರಿದರು. ನನಗೆ ಮಾತ್ರ ಸಿನಿಮಾದ ತೂಕ ಇರೋದೇ ಅಲ್ಲಿ ಅನಿಸುತ್ತದೆ. ಬರೀ ದೆವ್ವದ ತಮಾಷೆ ಆಗಿದ್ದರೆ ವಾರದೊಳಗೆ ಮರೆತುಹೋಗುತ್ತಿತ್ತು.

ಇನ್ನು 'ಕಾಂತಾರ'. ಮೊದಲ ಕಾಂತಾರ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಅದರ ನಟನೆಗೆ ರಿಷಬ್ ಶೆಟ್ಟಿಗೆ ರಾಷ್ಟ್ರಪ್ರಶಸ್ತಿ ಬಂತು. 'ಅಧ್ಯಾಯ 1' ಅದರ ಹಿಂದಿನ ಕಥೆ, ಕದಂಬರ ಕಾಲಕ್ಕೆ ಕರೆದುಕೊಂಡು ಹೋಗುತ್ತದೆ. ಹಾನಗಲ್ಲು, ಬನವಾಸಿ ಕಡೆಯವರಿಗೆ ಕದಂಬರ ಹೆಸರು ಶಾಲೆಯ ಪುಸ್ತಕಕ್ಕಿಂತ ಮೊದಲೇ ಕಿವಿಗೆ ಬಿದ್ದಿರುತ್ತದೆ. ಹಾಗಾಗಿ ಹಾವೇರಿ ಜಿಲ್ಲೆಯವರು ಬೇರೆಯದೇ ಕುತೂಹಲ ಇಟ್ಟುಕೊಂಡು ಹೋಗಿದ್ದರು. ಅವರಿಗೊಂದು ಮಾತು: ಇದು ಇತಿಹಾಸದ ಪಾಠ ಅಲ್ಲ, ಕಾಡು, ಅರಮನೆ ಮತ್ತು ದೈವದ ಕಥೆ. ಹಾಗೇ ನೋಡಿದರೆ ಚೆಂದ.

ಎರಡು ಕಾಂತಾರಗಳಲ್ಲಿ ಯಾವುದು ಮೇಲು? ಕಥೆಗೆ 2022ರದ್ದು, ಕಣ್ಣಿಗೆ 2025ರದ್ದು. ಮೊದಲನೆಯದರಲ್ಲಿ ಜಮೀನಿನ ಜಗಳ, ಕಾಡಿನ ಅಧಿಕಾರಿ, ಊರಿನ ಧಣಿ, ತಪ್ಪು ದಾರಿ ಹಿಡಿದ ಶಿವ, ಎಲ್ಲವೂ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಕಡೆಯ ಭಾಗದಲ್ಲಿ ಶಿವನ ಮೈಮೇಲೆ ದೈವ ಬಂದು ಆ ಕೂಗು ಹೊರಡುತ್ತದಲ್ಲ, ಆಗ ಶಿಳ್ಳೆ ಹೊಡೆಯುತ್ತಿದ್ದ ಮಂದಿಯೂ ಗಪ್ ಚುಪ್ ಆಗುತ್ತಾರೆ. ಅಜನೀಶ್ ಲೋಕನಾಥ್ ಅವರ ಸಂಗೀತ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಆ ಕೂಗಿಗೆ ಜಾಗ ಬಿಡುತ್ತದೆ. 'ಅಧ್ಯಾಯ 1' ನೋಡಲು ಭಾರಿ. ರುಕ್ಮಿಣಿ ವಸಂತ್ ಪಾತ್ರಕ್ಕೆ ಒಳ್ಳೆಯ ತಿರುವಿದೆ. ಆದರೆ ಹತ್ತಿರ ಹತ್ತಿರ ಎರಡು ಮುಕ್ಕಾಲು ಗಂಟೆ, ಅದರಲ್ಲಿ ಮೊದಲರ್ಧ ನಿಧಾನ. ಶಬ್ದವೂ ಜೋರು, ಹೊಡೆದಾಟವೂ ಜಾಸ್ತಿ.

ಆದ್ದರಿಂದ ನನ್ನ ಸಲಹೆ ಹೀಗೆ. ಮನೆಯವರೆಲ್ಲ ಸೇರಿ ಟಿವಿ ಮುಂದೆ ಕೂರುವುದಾದರೆ 'ಸು ಫ್ರಮ್ ಸೋ'. ಅದು ಒಟಿಟಿಗೆ ಬಂದು ಆಗಲೇ ದಿನವಾಗಿದೆ, ಕಡೇಪಕ್ಷ ಆರೇಳು ಜನ ಸೇರಿ ನೋಡಿ. 'ಅಧ್ಯಾಯ 1' ನೋಡಬೇಕಾದ್ದು ಟಾಕೀಸಿನಲ್ಲೇ. ಆ ಅವಕಾಶ ಈಗ ತಪ್ಪಿದ್ದರೆ, ದೊಡ್ಡ ಟಿವಿ ಮತ್ತು ಒಳ್ಳೆಯ ಸ್ಪೀಕರ್ ಇರುವ ದೋಸ್ತನ ಮನೆ ಹುಡುಕಿ. ಎರಡೂ ಕಾಂತಾರ ನೋಡದವರು 2022ರದ್ದನ್ನೇ ಮೊದಲು ನೋಡಿ. ಕಥೆಯ ಕಾಲ ಹಿಂದು ಮುಂದಾದರೂ ಪರವಾಗಿಲ್ಲ, ಎರಡನೆಯದರ ಎಷ್ಟೋ ಜಾಗಗಳ ಅರ್ಥ ಮೊದಲನೆಯದರಲ್ಲಿದೆ.

ಒಬ್ಬರೇ ಇದ್ದಾಗ, ಅಥವಾ ಇಬ್ಬರೇ

'ಸಪ್ತ ಸಾಗರದಾಚೆ ಎಲ್ಲೋ' ಬಗ್ಗೆ ಧಾರವಾಡದ ಸಪ್ತಾಪುರದಲ್ಲಿ ಕೇಳಿನೋಡಿ. ಪರೀಕ್ಷೆಗೆ ಓದಲು ಊರು ಬಿಟ್ಟು ಬಂದು ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರು ಅಲ್ಲಿ ಬೇಕಾದಷ್ಟು ಜನ. ಅವರಲ್ಲಿ ಈ ಸಿನಿಮಾದ ಅಭಿಮಾನಿಗಳು ಎರಡು ಪಂಗಡ. ಸೈಡ್ ಎ ಪಂಗಡ, ಸೈಡ್ ಬಿ ಪಂಗಡ.

ಹೇಮಂತ್ ಎಂ. ರಾವ್ ಇದನ್ನು ಎರಡು ಭಾಗ ಮಾಡಿದರು. ಸೈಡ್ ಎ 2023ರ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ಅದೇ ವರ್ಷ ನವೆಂಬರ್ 17ಕ್ಕೆ ಬಂತು. ಮನು ಕಾರು ಓಡಿಸುವವನು, ಪ್ರಿಯಾ ಹಾಡುವವಳು. ಸಮುದ್ರದ ದಂಡೆಯಲ್ಲಿ ಒಂದು ಮನೆ ಮಾಡಬೇಕು ಅನ್ನೋದು ಅವರ ಕನಸು. ಬೇಗ ದುಡ್ಡು ಸಿಗಲಿ ಅಂತ ಮನು ಇನ್ನೊಬ್ಬರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಹೊರಗೆ ಬರುತ್ತೇನೆ ಅಂದುಕೊಂಡವನಿಗೆ ಮುಂದೆ ಆಗುವುದು ಬೇರೆಯೇ.

ಸೈಡ್ ಎ ಪೂರ್ತಿ ಕಾಯುವುದರ ಸಿನಿಮಾ. ಜೈಲಿನ ಭೇಟಿಯ ಹೊತ್ತು, ಕೋರ್ಟಿನ ಮೆಟ್ಟಿಲು, ವಕೀಲರ ಫೀಸು. ನನ್ನ ಮನಸ್ಸಿನಲ್ಲಿ ಉಳಿದದ್ದು ಕ್ಯಾಸೆಟ್ಟು. ಪ್ರಿಯಾ ತನ್ನ ದನಿ ತುಂಬಿಸಿ ಕೊಟ್ಟ ಕ್ಯಾಸೆಟ್ಟನ್ನು ಮನು ಜೈಲಿನೊಳಗೆ ಕೇಳುವಾಗ ಪರದೆಯ ಮೇಲೆ ಹೆಚ್ಚೇನೂ ನಡೆಯುವುದಿಲ್ಲ. ಒಬ್ಬ ಮನುಷ್ಯ ಕಿವಿ ಕೊಟ್ಟು ಕೂತಿರುತ್ತಾನೆ ಅಷ್ಟೇ. ರಕ್ಷಿತ್ ಶೆಟ್ಟಿ ಅಲ್ಲಿ ಮಾತಿಲ್ಲದೆ ಮುಖದಲ್ಲೇ ಎಲ್ಲ ಹೇಳಿಬಿಡುತ್ತಾರೆ. ಚರಣ್ ರಾಜ್ ಅವರ ಸಂಗೀತ ಕೇಳಲು ಹೆಡ್‌ಫೋನ್ ಹಾಕಿಕೊಳ್ಳಿ, ದೀಪ ಆರಿಸಿ. ಪಕ್ಕದಲ್ಲಿ ಯಾರಾದರೂ ಚುರುಮುರಿ ತಿನ್ನುತ್ತಿದ್ದರೆ ಈ ಸಿನಿಮಾ ಕೈಗೆ ಸಿಗುವುದಿಲ್ಲ.

ಸೈಡ್ ಬಿ ಹತ್ತು ವರ್ಷ ಮುಂದೆ ಹೋಗುತ್ತದೆ. ಸೈಡ್ ಎ ನೀಲಿ ಬಣ್ಣದ್ದಾದರೆ ಇದು ಕೆಂಪು. ಮನು ಹೊರಗೆ ಬಂದಿದ್ದಾನೆ, ಜಗತ್ತು ಅವನಿಲ್ಲದೆ ಮುಂದೆ ಹೋಗಿದೆ. ಚೈತ್ರಾ ಜೆ. ಆಚಾರ್ ಇಲ್ಲಿ ತುಂಬ ಚೆನ್ನಾಗಿ ಮಾಡಿದ್ದಾರೆ. ನನ್ನ ಲೆಕ್ಕದಲ್ಲಿ ಇಡೀ ಸೈಡ್ ಬಿಯ ಜೀವವೇ ಅವರು. ಆದರೆ ಮನು ಪ್ರಿಯಾಳ ಹಿಂದೆ ಹಿಂದೆ ಸುತ್ತುವ ಭಾಗ ನೋಡುವಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಪ್ರೀತಿ ಅನ್ನೋ ಹೆಸರಿನಲ್ಲಿ ಒಬ್ಬ ಹೆಣ್ಣುಮಗಳ ಸಂಸಾರದೊಳಗೆ ಅವಳಿಗೆ ತಿಳಿಯದಂತೆ ಕೈ ಹಾಕುವುದು ಸರಿಯಾ? ಈ ಪ್ರಶ್ನೆಯನ್ನು ನಮ್ಮ ಬಳಗದ ಹುಡುಗಿಯರೇ ಮೊದಲು ಎತ್ತಿದರು, ಅವರು ಎತ್ತಿದ್ದು ಸರಿ ಅಂತ ನಾನೂ ಒಪ್ಪುತ್ತೇನೆ. ಸಿನಿಮಾ ಆ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳಬಹುದಿತ್ತು.

ಎರಡನ್ನೂ ಒಂದೇ ರಾತ್ರಿ ನೋಡಬೇಡಿ. ಒಂದೊಂದೂ ಎರಡು ತಾಸಿಗಿಂತ ಉದ್ದ, ಮೇಲಾಗಿ ಮನಸ್ಸು ಭಾರ ಆಗುತ್ತದೆ. ಸೈಡ್ ಎ ನೋಡಿ ಒಂದು ವಾರ ಬಿಡಿ. ಆ ಕಥೆ ತಲೆಯಿಂದ ಹೋಗುತ್ತಲೇ ಇಲ್ಲ ಅಂದರೆ ಬಿ ನೋಡಿ. ಎ ಸಾಕು ಅನಿಸಿದರೆ ಅಲ್ಲಿಗೇ ಬಿಟ್ಟರೂ ನಷ್ಟವಿಲ್ಲ. ಒಂದೇ ಭಾಗ ನೋಡಲು ಹೊತ್ತಿದೆ ಅನ್ನುವವರಿಗೆ ಕಣ್ಣು ಮುಚ್ಚಿ ಸೈಡ್ ಎ ಹೇಳುತ್ತೇನೆ.

ಮತ್ತೊಂದು ಮಾತು. ಹೊಸದಾಗಿ ಮದುವೆ ಆದವರು, ಇಬ್ಬರೇ ಮೊದಲ ಸಲ ಸಿನಿಮಾ ನೋಡುತ್ತಿದ್ದೇವೆ ಅನ್ನುವವರು, ದಯವಿಟ್ಟು ಇದನ್ನು ಬಿಟ್ಟು ಬೇರೆ ನೋಡಿ. ಅವರಿಗೆ ನಾನು ಹೇಳುವುದು 'ಟಗರು ಪಲ್ಯ'. 2023ರ ಅಕ್ಟೋಬರ್‌ನಲ್ಲಿ ಬಂದದ್ದು. ಮಂಡ್ಯ ಕಡೆಯ ಮಾತು, ಒಂದು ಟಗರು, ಒಂದು ಹರಕೆ, ಒಂದು ಮದುವೆಯ ಮಾತುಕತೆ, ಜಗಳವಾಡುವ ನೆಂಟರು. ನಾಗಭೂಷಣ ಮತ್ತು ರಂಗಾಯಣ ರಘು ಇಬ್ಬರೂ ಇದ್ದಾರೆ. ಮನಸ್ಸು ಹಗುರ ಮಾಡಿ ಕಳಿಸುತ್ತದೆ.

ತಲೆ ಓಡಿಸುವ ಸಿನಿಮಾ ಬೇಕು ಅನ್ನುವವರಿಗೆ

ಇಲ್ಲಿ ಎರಡೇ ಹೆಸರು ಸಾಕು. 'ಶಾಖಾಹಾರಿ', 'ಬ್ಲಿಂಕ್'. ಎರಡೂ 2024ರ ಮೊದಲ ತಿಂಗಳುಗಳಲ್ಲಿ, ಒಂದು ತಿಂಗಳೊಳಗೆ ಹಿಂದೆ ಮುಂದೆ ಬಂದವು. ಎರಡೂ ಸಣ್ಣ ಸಿನಿಮಾಗಳು.

'ಶಾಖಾಹಾರಿ' ಮಲೆನಾಡಿನ ಒಂದು ಸಣ್ಣ ಹೋಟೆಲಿನ ಕಥೆ. ನಿರ್ದೇಶಕರು ಸಂದೀಪ್ ಸುಂಕದ್. ಹೋಟೆಲಿನ ಸುಬ್ಬಣ್ಣನಾಗಿ ರಂಗಾಯಣ ರಘು, ಇನ್‌ಸ್ಪೆಕ್ಟರ್ ಆಗಿ ಗೋಪಾಲಕೃಷ್ಣ ದೇಶಪಾಂಡೆ. ಪೊಲೀಸರಿಂದ ತಪ್ಪಿಸಿಕೊಂಡ ಒಬ್ಬ ಗಾಯಾಳು ಹೋಟೆಲಿಗೆ ಬಂದು ಸೇರಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಒಂದೊಂದೇ ಗಂಟು ಬಿಗಿಯಾಗುತ್ತ ಹೋಗುತ್ತದೆ. ರಂಗಾಯಣ ರಘು ಅವರನ್ನು ಬರೀ ಕಾಮಿಡಿ ಪಾತ್ರಗಳಲ್ಲಿ ನೋಡಿದವರು ಇದನ್ನು ನೋಡಲೇಬೇಕು. ಒಲೆ ಮುಂದೆ ನಿಂತು ಕೆಲಸ ಮಾಡುವ ಅವರ ಕೈ ನೋಡಿ, ನಿಜಕ್ಕೂ ಎಷ್ಟೋ ವರ್ಷದಿಂದ ಹೋಟೆಲು ನಡೆಸಿದವರ ಕೈ ಹಾಗೆ ಓಡುತ್ತದೆ. ಮುಖ ಮಾತ್ರ ಒಳಗೊಳಗೇ ಬೇರೆ ಏನನ್ನೋ ಯೋಚಿಸುತ್ತಿರುತ್ತದೆ. ಊಟದ ತಟ್ಟೆ ಮುಂದಿಟ್ಟುಕೊಂಡು ನೋಡಬೇಡಿ. ಕಾರಣ ನೋಡಿದ ಮೇಲೆ ತಿಳಿಯುತ್ತದೆ.

'ಬ್ಲಿಂಕ್' ಹುಡುಗರ ಸಿನಿಮಾ. ಶ್ರೀನಿಧಿ ಬೆಂಗಳೂರು ನಿರ್ದೇಶನ, ದೀಕ್ಷಿತ್ ಶೆಟ್ಟಿ ನಟನೆ. ಕಣ್ಣು ಮಿಟುಕಿಸದೆ ಇರುವಷ್ಟು ಹೊತ್ತು ಬೇರೆ ಕಾಲಕ್ಕೆ ಹೋಗಿಬರುವ ಹುಡುಗನ ಕಥೆ. ನಾಟಕದ ನಂಟೂ ಇದೆ. ಮೊದಲ ಸಲ ಅರ್ಧ ತಿಳಿಯುತ್ತದೆ, ಎರಡನೆಯ ಸಲ ಬಾಕಿ ಅರ್ಧ. ರೂಮಿನಲ್ಲಿ ನಾಲ್ಕು ಜನ ಕೂತು, ನಿಲ್ಲಿಸಿ, "ಏ, ಅಂವಾ ಆಗ ಎಲ್ಲಿದ್ದ?" ಅಂತ ವಾದ ಮಾಡುತ್ತ ನೋಡಲು ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಅಪ್ಪನ ಜೊತೆ ಕೂತರೆ ಮಾತ್ರ ಪ್ರತಿ ಹತ್ತು ನಿಮಿಷಕ್ಕೆ ನೀವೇ ಕಥೆ ಬಿಡಿಸಿ ಹೇಳಬೇಕಾಗುತ್ತದೆ. ಹಿರಿಯರಿದ್ದರೆ 'ಶಾಖಾಹಾರಿ', ವಾರಿಗೆಯವರಾದರೆ 'ಬ್ಲಿಂಕ್'.

ಹೊಡೆದಾಟದ ಸಿನಿಮಾ ಬೇಕಾದವರು ದುನಿಯಾ ವಿಜಯ್ ಅವರ 'ಭೀಮ' ಹೇಗಿದೆ ಅಂತ ಕೇಳುತ್ತಾರೆ. ಗಾಂಜಾ, ರಕ್ತ, ಬೈಗುಳ ಎಲ್ಲ ಇದೆ. ದೋಸ್ತರ ಜೊತೆ ಸರಿ, ಮನೆಯವರ ಜೊತೆ ಬೇಡ.

ಮಕ್ಕಳು ಇರುವ ಸಿನಿಮಾ, ಮಕ್ಕಳು ನೋಡುವ ಸಿನಿಮಾ

ಪೋಸ್ಟರಿನಲ್ಲಿ ಒಬ್ಬ ಹುಡುಗ ಇದ್ದ ಮಾತ್ರಕ್ಕೆ ಅದು ಮಕ್ಕಳ ಸಿನಿಮಾ ಆಗುವುದಿಲ್ಲ. 'ಮಿಥ್ಯ' ಮತ್ತು 'ಫೋಟೋ' ಎರಡಕ್ಕೂ ಹೀಗೇ ಆಯಿತು. ರಜೆಯಲ್ಲಿ ಮಕ್ಕಳಿಗೆ ತೋರಿಸೋಣ ಅಂತ ಕೂತವರು ಅರ್ಧಕ್ಕೇ ಎದ್ದರು. ತಪ್ಪು ಸಿನಿಮಾದ್ದಲ್ಲ.

'ಮಿಥ್ಯ' ಸುಮಂತ್ ಭಟ್ ಅವರದು, 2025ರ ಮಾರ್ಚ್‌ನಲ್ಲಿ ತೆರೆಗೆ ಬಂತು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದರ ಹುಡುಗ ಮುಂಬೈ ಬಿಟ್ಟು ಉಡುಪಿ ಕಡೆಯ ನೆಂಟರ ಮನೆಗೆ ಬರುತ್ತಾನೆ. ಹುಡುಗ ಅಳುವುದಿಲ್ಲ. ದೊಡ್ಡವರಿಗೆ ಅವನ ಜೊತೆ ಹೇಗೆ ಮಾತಾಡಬೇಕು ತಿಳಿಯುವುದಿಲ್ಲ. 'ಸು ಫ್ರಮ್ ಸೋ'ದಲ್ಲಿ ನಗಿಸಿದ ಪ್ರಕಾಶ್ ತೂಮಿನಾಡು ಇಲ್ಲಿ ಹುಡುಗನ ಜವಾಬ್ದಾರಿ ಹೊತ್ತ ಹಿರಿಯನಾಗಿ ಎಷ್ಟು ಮೆತ್ತಗೆ, ಎಷ್ಟು ಜೋಪಾನವಾಗಿ ನಟಿಸಿದ್ದಾರೆ ಅಂದರೆ, ಅದೇ ಮನುಷ್ಯನಾ ಅನಿಸುತ್ತದೆ. ಮನೆಯಲ್ಲಿ ಸಾವು ಕಂಡ ಮಗು ಇದ್ದರೆ, ಮೊದಲು ದೊಡ್ಡವರು ನೋಡಿ. ನಾವು ಮಕ್ಕಳ ಮುಂದೆ ಏನೇನು ಮಾತಾಡಿಬಿಡುತ್ತೇವೆ ಅನ್ನೋದು ಕಣ್ಣಿಗೆ ಕಟ್ಟುತ್ತದೆ.

'ಫೋಟೋ' ನಮ್ಮ ಕಡೆಯವರು ತಪ್ಪಿಸಬಾರದ ಸಿನಿಮಾ. ಉತ್ಸವ್ ಗೋನವಾರ ಮಾಡಿದ್ದು, 2024ರ ಮಾರ್ಚ್‌ನಲ್ಲಿ ಬಂತು. ರಾಯಚೂರು ಸೀಮೆಯ ಹಳ್ಳಿಯ ಹುಡುಗನಿಗೆ ಒಂದೇ ಆಸೆ, ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಅಪ್ಪ ಬೆಂಗಳೂರಿನಲ್ಲಿ ದುಡಿಯುತ್ತಾನೆ. ಹುಡುಗ ಅಲ್ಲಿಗೆ ಹೋಗುತ್ತಾನೆ. ಅಷ್ಟರಲ್ಲಿ 2020ರ ಮಾರ್ಚ್ ತಿಂಗಳ ಲಾಕ್‌ಡೌನ್. ಬಸ್ಸಿಲ್ಲ, ರೈಲಿಲ್ಲ. ಅಪ್ಪ ಮಗ ನಡೆದು ಊರಿಗೆ ಹೊರಡುತ್ತಾರೆ.

ಗದಗ, ಹಾವೇರಿ, ರೋಣ, ಮುಂಡರಗಿ, ಯಾವ ಕಡೆ ಹೋದರೂ ದುಡಿಯಲಿಕ್ಕೆ ಅಂತ ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋದವರ ಮನೆಗಳಿವೆ. ಆ ದಿನಗಳಲ್ಲಿ ಹೆದ್ದಾರಿ ಗುಂಟ ತಲೆ ಮೇಲೆ ಗಂಟು ಹೊತ್ತು ನಡೆದವರನ್ನು ನಾವೆಲ್ಲ ನೋಡಿದ್ದೇವೆ. ಈ ಸಿನಿಮಾ ಅವರ ಜೊತೆ ನಡೆಯುತ್ತದೆ. ಹಿನ್ನೆಲೆ ಸಂಗೀತ ಹಾಕಿ ಅಳಿಸಲು ನೋಡುವುದಿಲ್ಲ. ಅಪ್ಪನ ಪಾತ್ರದ ಮಹಾದೇವ ಹಡಪದ ರಂಗಭೂಮಿಯಿಂದ ಬಂದವರು. ಮಗನ ಮುಂದೆ ತನ್ನ ದಣಿವು ತೋರಿಸಬಾರದು ಅಂತ ಒದ್ದಾಡುವ ಅಪ್ಪನನ್ನು ಅವರು ನಡೆಯಲ್ಲೇ ತೋರಿಸಿದ್ದಾರೆ. ಮೊದಲು ಹೆಜ್ಜೆ ಬಿರುಸಾಗಿರುತ್ತದೆ, ಬರಬರುತ್ತ ಕಾಲು ಎಳೆಯುತ್ತದೆ, ಮಗ ತಿರುಗಿ ನೋಡಿದಾಗ ಮತ್ತೆ ನೆಟ್ಟಗಾಗುತ್ತದೆ. ತಾಯಿಯ ಪಾತ್ರ ಸಂಧ್ಯಾ ಅರಕೆರೆ ಅವರದು. 'ಸು ಫ್ರಮ್ ಸೋ'ದ ಭಾನು ಕೂಡ ಅವರೇ.

ಇದರ ಮಾತಿನ ಬಗ್ಗೆ ಹೇಳಲೇಬೇಕು. ಎಷ್ಟೋ ಸಿನಿಮಾಗಳಲ್ಲಿ ನಮ್ಮ ಕಡೆಯ ಮಾತು ಬರುವುದು ನಗಿಸಲಿಕ್ಕೆ ಮಾತ್ರ. ಒಬ್ಬ ಹೋಟೆಲ್ ಮಾಣಿ, ಒಬ್ಬ ಪೆದ್ದ ಪೊಲೀಸ, "ಏನ್ರೀಪಾ" ಅನ್ನುತ್ತ ಬರುತ್ತಾನೆ, ಮಂದಿ ನಗುತ್ತಾರೆ, ಹೋಗುತ್ತಾನೆ. 'ಫೋಟೋ'ದಲ್ಲಿ ಈ ಸೀಮೆಯ ಮಾತಿನಲ್ಲಿ ಹಸಿವಿದೆ, ಪ್ರೀತಿ ಇದೆ, ಸಿಟ್ಟಿದೆ. ಹಾಗಂತ ನಮ್ಮ ಮಾತು ಇದೆ ಅನ್ನೋ ಒಂದೇ ಕಾರಣಕ್ಕೆ ಯಾವ ಸಿನಿಮಾವನ್ನೂ ಹೊಗಳಬೇಕಾಗಿಲ್ಲ. ಇದು ಆ ಕಾರಣ ಇಲ್ಲದೆಯೂ ನಿಲ್ಲುವ ಸಿನಿಮಾ.

'ಮಿಥ್ಯ', 'ಫೋಟೋ' ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು 'ಫೋಟೋ' ಆರಿಸುತ್ತೇನೆ. ಹಿರಿಯರ ಜೊತೆ ಕೂತು ನೋಡಿ. ಮುಗಿದ ಮೇಲೆ ಅವರೇ ಎಷ್ಟೋ ಕಥೆ ಹೇಳುತ್ತಾರೆ. ಮನಸ್ಸು ಮೊದಲೇ ಕುಗ್ಗಿರುವ ದಿನ ಮಾತ್ರ ಎರಡೂ ಬೇಡ.

ಮಕ್ಕಳೇ ಕೂತು ನೋಡುವ ಸಿನಿಮಾ ಅಂದರೆ 'ಡೇರ್‌ಡೆವಿಲ್ ಮುಸ್ತಫಾ'. ಪೂರ್ಣಚಂದ್ರ ತೇಜಸ್ವಿ ಅವರ ಕಥೆಯನ್ನು ಇಟ್ಟುಕೊಂಡು ಶಶಾಂಕ್ ಸೋಗಾಲ್ ನಿರ್ದೇಶಿಸಿದ್ದು, 2023ರ ಮೇ ತಿಂಗಳಲ್ಲಿ ಬಂತು. ತೇಜಸ್ವಿ ಓದುಗರೇ ದುಡ್ಡು ಕೂಡಿಸಿ ಮಾಡಿದ ಸಿನಿಮಾ ಇದು. ಅಬಚೂರಿನ ಕಾಲೇಜಿಗೆ ಮುಸ್ಲಿಂ ಹುಡುಗನೊಬ್ಬ ಸೇರುತ್ತಾನೆ, ಉಳಿದವರಿಗೆ ಅವನ ಮೇಲೆ ಇಲ್ಲದ ಅನುಮಾನ, ಇಲ್ಲದ ಜಿದ್ದು. ಕಡೆಗೆ ಕ್ರಿಕೆಟ್ ಮ್ಯಾಚು. ಎಂಟರಿಂದ ಹದಿನೈದರವರೆಗಿನ ಯಾವ ಮಗುವಿಗೂ ತೋರಿಸಿ. ಬೋಧನೆ ಮಾಡದೆ ಹೇಳಬೇಕಾದ್ದನ್ನು ಹೇಳುತ್ತದೆ, ಅದಕ್ಕೇ ನನಗೆ ಇಷ್ಟ.

ಟಾಕೀಸಿಗೆ ಹೊರಡುವ ಮೊದಲು ಸರ್ಟಿಫಿಕೇಟೂ ನೋಡಿ. 2024ರಿಂದ ಯುಎ ಸರ್ಟಿಫಿಕೇಟಿನಲ್ಲಿ 7+, 13+, 16+ ಅಂತ ಮೂರು ಬಗೆ ಮಾಡಿದ್ದಾರೆ. ಟಿಕೆಟ್ ಬುಕ್ ಮಾಡುವ ಆ್ಯಪಿನಲ್ಲೇ ಕಾಣುತ್ತದೆ. 16+ ಅಂತ ಇದ್ದರೆ ಆರು ವರ್ಷದ ಮಗುವನ್ನು ಕರೆದುಕೊಂಡು ಹೋಗುವ ಮೊದಲು ಎರಡು ಸಲ ಯೋಚನೆ ಮಾಡಿ.

ಟಾಕೀಸೋ, ಮಾಲೋ, ಮನೆಯೋ

ಹುಬ್ಬಳ್ಳಿಯಲ್ಲಿ ಅಪ್ಸರಾ, ಸುಧಾ ಅಂದರೆ ಯಾವ ರಿಕ್ಷಾದವರನ್ನೂ ದಾರಿ ಕೇಳಬೇಕಾಗಿಲ್ಲ. ಒಂಟಿ ಪರದೆಯ ಟಾಕೀಸಿನ ಸುಖ ಮಂದಿಯದ್ದು. ಕಂಪನಿ ನಾಟಕ ನೋಡಿ ಬೆಳೆದ ಸೀಮೆ ಇದು. ಚಲೋ ಹಾಡಿದರೆ "ಒನ್ಸ್ ಮೋರ್" ಅನ್ನುವ ರೂಢಿ ಹಿರಿಯರಿಗೆ ಇತ್ತು, ಅದೇ ಹುರುಪು ಈಗ ಶಿಳ್ಳೆಯಲ್ಲಿ, ಚಪ್ಪಾಳೆಯಲ್ಲಿ ಇದೆ. ಸ್ಟಾರ್ ಸಿನಿಮಾ, ಹಾಸ್ಯದ ಸಿನಿಮಾ, 'ಕಾಂತಾರ'ದಂಥ ಸಿನಿಮಾ ಅಲ್ಲೇ ನೋಡಬೇಕು. ಮಾತು ಕಡಿಮೆ, ಶಬ್ದ ಸೂಕ್ಷ್ಮ ಇರುವ ಸಿನಿಮಾಕ್ಕೆ ಮಾಲಿನ ಮಲ್ಟಿಪ್ಲೆಕ್ಸೇ ಸರಿ. ಎರಡು ಸಾಲು ಹಿಂದಿನವರ ಫೋನ್ ಮಾತು ಕೇಳುತ್ತ 'ಸಪ್ತ ಸಾಗರ' ನೋಡಲಾಗದು.

ದುಡ್ಡಿನ ಲೆಕ್ಕಕ್ಕೆ ಬಂದರೆ, 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳನ್ನು ಬಿಟ್ಟು ರಾಜ್ಯದ ಉಳಿದೆಲ್ಲ ಚಿತ್ರಮಂದಿರಗಳಲ್ಲೂ, ಮಲ್ಟಿಪ್ಲೆಕ್ಸ್ ಸೇರಿ, ಟಿಕೆಟ್ ದರ ತೆರಿಗೆ ಬಿಟ್ಟು 200 ರೂಪಾಯಿ ದಾಟಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರ್ 12ಕ್ಕೆ ನಿಯಮ ತಂದಿತು. ಎಲ್ಲರೂ ಖುಷಿಪಟ್ಟೆವು. ಅದೇ ತಿಂಗಳ 23ಕ್ಕೆ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಜಿಎಸ್‌ಟಿ ಮಾತ್ರ ಸೆಪ್ಟೆಂಬರ್ 22ರಿಂದ ಬದಲಾಯಿತು. 100 ರೂಪಾಯಿವರೆಗಿನ ಟಿಕೆಟ್ ಮೇಲೆ ಶೇ. 12 ಇದ್ದದ್ದು ಶೇ. 5ಕ್ಕೆ ಇಳಿಯಿತು. ಅದಕ್ಕಿಂತ ಮೇಲಿನ ಟಿಕೆಟ್‌ಗೆ ಶೇ. 18 ಹಾಗೇ ಇದೆ. ನಾಲ್ಕು ಜನರ ಮನೆ ಮಾಲಿಗೆ ಹೋದರೆ ಟಿಕೆಟ್ ಜೊತೆ ಪಾಪ್‌ಕಾರ್ನ್, ಪಾರ್ಕಿಂಗ್ ಎಲ್ಲ ಕೂಡಿ ಲೆಕ್ಕ ಹಾಕಿ. ಆ ದುಡ್ಡಿಗೆ ಟಾಕೀಸಿನಲ್ಲಿ ಬಾಲ್ಕನಿ ಟಿಕೆಟ್ ತಗೊಂಡು, ಸಿನಿಮಾ ಬಿಟ್ಟ ಮೇಲೆ ದುರ್ಗದಬೈಲಿನಲ್ಲಿ ಗಿರ್ಮಿಟ್ಟು ಮಿರ್ಚಿ ಹೊಟ್ಟೆ ತುಂಬ ತಿನ್ನಬಹುದು.

ಸಣ್ಣ ಸಿನಿಮಾಗಳದ್ದು ಬೇರೆಯದೇ ಕಷ್ಟ. ಅವುಗಳಿಗೆ ದಿನಕ್ಕೊಂದೇ ಆಟ ಸಿಗುತ್ತದೆ, ಅದೂ ಬೆಳಿಗ್ಗೆ ಹತ್ತಕ್ಕೋ ಮಧ್ಯಾಹ್ನ ಊಟದ ಹೊತ್ತಿಗೋ. ಮೊದಲ ಮೂರು ದಿನ ಮಂದಿ ಬರದಿದ್ದರೆ ಮುಂದಿನ ಶುಕ್ರವಾರ ಆ ಸಿನಿಮಾ ಇರುವುದೇ ಇಲ್ಲ. ಆದ್ದರಿಂದ 'ಫೋಟೋ', 'ಶಾಖಾಹಾರಿ' ತರಹದ್ದು ಬಂದಿದೆ ಅಂತ ಕಿವಿಗೆ ಬಿದ್ದರೆ ಶನಿವಾರ ರವಿವಾರದೊಳಗೇ ಹೋಗಿಬಿಡಿ. ದೊಡ್ಡ ಸಿನಿಮಾ ಎರಡನೆಯ ವಾರವೂ ಇರುತ್ತದೆ, ಗದ್ದಲವೂ ಕಡಿಮೆ ಆಗಿರುತ್ತದೆ. ಧಾರವಾಡದವರಿಗೆ ಚಿಗರಿ ಬಸ್ಸಿದೆ, ಸಂಜೆ ಆಟ ನೋಡಿ ಮನೆಗೆ ಬರಬಹುದು. ಗದಗ, ಹಾವೇರಿಯಿಂದ ಹುಬ್ಬಳ್ಳಿಗೆ ಬಂದು ನೋಡುವವರು ಮಧ್ಯಾಹ್ನದ ಆಟವನ್ನೇ ಆರಿಸಿ. ಎರಡು ಮುಕ್ಕಾಲು ಗಂಟೆಯ ಸಿನಿಮಾ ರಾತ್ರಿ ಆಟಕ್ಕೆ ಕೂತರೆ ವಾಪಸ್ ಹೋಗುವ ಚಿಂತೆಯಲ್ಲೇ ಕ್ಲೈಮ್ಯಾಕ್ಸ್ ಮುಗಿದಿರುತ್ತದೆ.

ಯಾರ ಮಾತು ಕೇಳಬೇಕು

ಮೊದಲ ದಿನದ ಮೊದಲ ಆಟ ನೋಡಿ ಬಂದ ಅಭಿಮಾನಿಯ ಮಾತಿನಲ್ಲಿ ಪ್ರೀತಿ ಇರುತ್ತದೆ. ಅದು ಚೆಂದವೇ. ಆದರೆ ದೊಡ್ಡ ಸಿನಿಮಾಕ್ಕೆ ಟಿಕೆಟ್ ತೆಗೆಸುವ ಮೊದಲು ರವಿವಾರದವರೆಗೆ ತಡೆಯಿರಿ. ಅಷ್ಟರಲ್ಲಿ ಮನೆಯವರ ಜೊತೆ ಹೋದವರು, ಒಬ್ಬರೇ ಹೋದವರು ಎಲ್ಲ ಬಾಯಿ ಬಿಟ್ಟಿರುತ್ತಾರೆ. ನಿಮ್ಮ ಹಾಗೇ ಇರುವ ಒಬ್ಬರನ್ನು ಹುಡುಕಿ. ನನಗೆ ಅಂಥವರು ಒಬ್ಬ ಕಾಕಾ. ಅವರಿಗೆ ಹೊಡೆದಾಟ ಆಗುವುದಿಲ್ಲ, ಹಾಡು ಬೇಕು, ಕಥೆಯಲ್ಲಿ ಮೋಸ ಆಗಬಾರದು. ಅವರು "ಹೋಗಿ ಬಾರಪಾ" ಅಂದರೆ ಅವ್ವನನ್ನು ಕರೆದುಕೊಂಡು ಕಣ್ಣು ಮುಚ್ಚಿ ಹೋಗುತ್ತೇನೆ. ಅವರು ಬೇಡ ಅಂದ ಸಿನಿಮಾವನ್ನು ದೋಸ್ತರ ಜೊತೆ ನೋಡುತ್ತೇನೆ, ಅಲ್ಲೂ ಎಷ್ಟೋ ಸಲ ಖುಷಿ ಸಿಕ್ಕಿದೆ.

ಕಡೆಯದಾಗಿ ಎಲ್ಲರೂ ಕೇಳುವ ಕಷ್ಟದ ಪ್ರಶ್ನೆ. ದೀಪಾವಳಿಗೆ ಮನೆ ತುಂಬ ಮಂದಿ. ಅಜ್ಜಿ ಇದ್ದಾರೆ, ಕಾಲೇಜಿನ ಹುಡುಗ ಇದ್ದಾನೆ, ಮೂರನೆಯ ಇಯತ್ತೆಯ ಹುಡುಗಿ ಇದ್ದಾಳೆ, ಬೀಗರೂ ಬಂದಿದ್ದಾರೆ. ಒಂದೇ ಟಿವಿ. ಸಂಜೆಗೆ 'ಡೇರ್‌ಡೆವಿಲ್ ಮುಸ್ತಫಾ' ಹಚ್ಚಿ, ಅದು ಆಗಲೇ ನೋಡಿದ್ದರೆ 'ಸು ಫ್ರಮ್ ಸೋ'. ಊಟ ಮುಗಿದು, ಹುಡುಗಿ ಮಲಗಿ, ಬೀಗರು ಎಲೆ ಅಡಿಕೆ ಹಾಕಿಕೊಂಡು ಕೂತ ಮೇಲೆ 'ಶಾಖಾಹಾರಿ' ಹಚ್ಚಿ. ಕಾಲೇಜಿನ ಹುಡುಗ ಆಗ ತನ್ನ ಫೋನಿನಲ್ಲಿ 'ಬ್ಲಿಂಕ್' ಹಚ್ಚಿಕೊಂಡು ಮಾಳಿಗೆ ಮೇಲೆ ಹೋದರೆ ಹೋಗಲಿ ಬಿಡಿ.